ನೊಗದ ಲೆಕ್ಕ

ನಮ್ಮ ಸೀಮೆಯ ಚರಿತ್ರೆ ಬರೆದವರು ಮಳಖೇಡದ ಕೋಟೆಯ ಬಗ್ಗೆ ಬರೆದಿದ್ದಾರೆ. ರಾಷ್ಟ್ರಕೂಟರ ದಂಡಯಾತ್ರೆಗಳನ್ನು ವರ್ಣಿಸಿದ್ದಾರೆ. ಕಲ್ಯಾಣದ ಚಾಲುಕ್ಯರ ದಾನಶಾಸನಗಳನ್ನು ಅಕ್ಷರ ಅಕ್ಷರ ಬಿಡಿಸಿ ಓದಿದ್ದಾರೆ. ಕಾಳಗಿಯ ಹಳೆಯ ಗುಡಿಗಳ ಕಂಬ, ಶಾಸನಗಳೂ ಅವರ ಕಣ್ಣಿಗೆ ಬಿದ್ದಿವೆ. ಆದರೆ ಆ ಗುಡಿಗಳ ಜಾತ್ರೆಗೆ ಬಂದ ಹೆಣ್ಣುಮಕ್ಕಳು ಹೇಗೆ ಬಂದರು, ರಾತ್ರಿ ಎಲ್ಲಿ ಮಲಗಿದರು, ಏನು ಕಟ್ಟಿಕೊಂಡು ಬಂದರು, ಏನನ್ನು ಮನೆಯಲ್ಲೇ ಬಿಟ್ಟು ಬಂದರು? ನಾನು ಓದಿದ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ. ಅವರನ್ನು ಕರೆತಂದದ್ದು ರಥವಲ್ಲ, ಪಲ್ಲಕ್ಕಿಯಲ್ಲ, ಕಮಾನು ಕಟ್ಟಿದ ಬಂಡಿ. ನಡೆಯುವಾಗ ವಾಹನ, ನಿಂತಾಗ ಮನೆ. ಇಂಥ ಗಾಲಿಯ ಮನೆ ಎಷ್ಟು ದೊಡ್ಡದಿರಬೇಕು, ಎಷ್ಟು ಹಗುರವಿರಬೇಕು ಎಂಬ ಪ್ರಶ್ನೆಗೆ ಸಾವಿರಾರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಹೆಂಗಸರ ಪಾಲು ಸಣ್ಣದಲ್ಲ.

ಹರಪ್ಪದ ಅಗೆತದಲ್ಲಿ ತಾಮ್ರದ ಒಂದು ಪುಟ್ಟ ಗಾಡಿ ಸಿಕ್ಕಿದೆ. ಅದಕ್ಕೆ ಎರಡೇ ಗಾಲಿ, ಮೇಲೆ ಇಳಿಜಾರಿನ ಸೂರು, ಮುಂದೆ ಕುಳಿತ ಚಾಲಕ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಯಾರೋ ಬಿಸಿಲಿಗೆ ನೆರಳು ಬೇಕೆಂದು ಗಾಡಿಗೆ ಮಾಡು ಕಟ್ಟಿದ್ದರು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಭಾರ್ಹುತದ ಸ್ತೂಪದಲ್ಲಿ ಅನಾಥಪಿಂಡಿಕನು ಜೇತವನವನ್ನು ಕೊಳ್ಳುವ ಕಥೆಯನ್ನು ಕೆತ್ತಿದ್ದಾರೆ. ನೆಲದ ತುಂಬ ಹಾಸಲು ಹೊನ್ನಿನ ನಾಣ್ಯಗಳನ್ನು ಅವನು ಎತ್ತಿನ ಗಾಡಿಯಲ್ಲಿ ತಂದಿದ್ದಾನೆ. ಶಿಲ್ಪಿ ಆ ಎತ್ತುಗಳನ್ನು ನೊಗಕ್ಕೆ ಕಟ್ಟಿ ನಿಲ್ಲಿಸಲಿಲ್ಲ. ಕೊರಳು ಬಿಚ್ಚಿ, ಪಕ್ಕದಲ್ಲಿ ಮಲಗಿಸಿದ್ದಾನೆ. ಭಾರ ಇಳಿದ ಮೇಲೆ ಎತ್ತಿಗೆ ಮೊದಲು ವಿಶ್ರಾಂತಿ ಎಂಬುದು ಅವನಿಗೂ ತಿಳಿದಿತ್ತು.

ನಮಗೆ ಹತ್ತಿರದ ಸಾಕ್ಷಿ ಬೇಕೆಂದರೆ ಫ್ರಾನ್ಸಿನ ವ್ಯಾಪಾರಿ ತಾವೆರ್ನಿಯೆಯ ಪ್ರವಾಸಕಥನವಿದೆ. ಹದಿನೇಳನೆಯ ಶತಮಾನದಲ್ಲಿ ವಜ್ರ ಹುಡುಕಿಕೊಂಡು ಅವನು ಸೂರತ್ತಿನಿಂದ ಗೋಲ್ಕೊಂಡಕ್ಕೆ ಹಲವು ಸಲ ಬಂದು ಹೋದವನು. ಪುಸ್ತಕ ಅಚ್ಚಾದದ್ದು 1676ರಲ್ಲಿ. ಗೋಲ್ಕೊಂಡವೆಂದರೆ ನಮ್ಮ ಸೇಡಂ, ತಾಂಡೂರಿನ ಆಚೆಗೇ. ಅವನು ಹೇಳುವ ಪ್ರಯಾಣದ ಗಾಡಿ ಬಹಳ ಹಗುರವಾದದ್ದು. ಇಬ್ಬರು ಕೂಡಬಹುದು, ಆದರೆ ಸಾಮಾನ್ಯವಾಗಿ ಒಬ್ಬರೇ ಕೂಡುತ್ತಾರೆ. ಇನ್ನೊಬ್ಬರ ಜಾಗ ಬಟ್ಟೆಬರೆಗೆ. ಬಾಡಿಗೆ ದಿನಕ್ಕೆ ಸುಮಾರು ಒಂದು ರೂಪಾಯಿ, ಸೂರತ್ತಿನಿಂದ ಆಗ್ರಾಕ್ಕೆ 35ರಿಂದ 40 ದಿನ. ಎತ್ತು ಆರಿಸುವಾಗ ಕೋಡು ಒಂದು ಅಡಿಗಿಂತ ಉದ್ದವಿರಬಾರದು ಎಂದೂ ಅವನು ಎಚ್ಚರಿಸುತ್ತಾನೆ. ನೊಣ ಕಚ್ಚಿದಾಗ ಎತ್ತು ತಲೆ ಕೊಡವಿದರೆ ಉದ್ದ ಕೋಡು ಕುಳಿತವರ ಹೊಟ್ಟೆಗೇ ತಗಲುತ್ತದಂತೆ! ದಾರಿಯ ನಡುವೆ ಎತ್ತುಗಳಿಗೆ ಗೋಧಿಹಿಟ್ಟು, ಬೆಣ್ಣೆ, ಬೆಲ್ಲ ನಾದಿದ ಉಂಡೆ, ಸಂಜೆಗೆ ನೆನೆಸಿದ ಕಡಲೆ. ದೊಡ್ಡ ಗಾಡಿ ಬೇಕೆಂದಾಗಲಿ, ಚೆಂದದ ಗಾಡಿ ಬೇಕೆಂದಾಗಲಿ ಅವನು ಬರೆಯಲಿಲ್ಲ. ಎಳೆಯುವ ಜೀವದಿಂದ ಲೆಕ್ಕ ಶುರು ಮಾಡಿದ. ಇದು ನನಗೆ ಮುಖ್ಯವಾಗಿ ಕಾಣುತ್ತದೆ.

ಈ ಲೆಕ್ಕವನ್ನು ನಾನು ಮೊದಲು ಕೇಳಿದ್ದು ಪುಸ್ತಕದಿಂದಲ್ಲ, ನಮ್ಮ ಆಯಿಯ ಬಾಯಿಂದ. ಹೋಳಿಯ ನಂತರ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಕಾಳಗಿ ಸುತ್ತಿನ ಹಳ್ಳಿಗಳಿಂದ ಬಂಡಿಗಳ ಸಾಲೇ ಹೊರಡುತ್ತಿತ್ತಂತೆ. ತಾಸಿಗೆ ಮೂರು ನಾಲ್ಕು ಕಿಲೋಮೀಟರ್ ನಡೆಯುವ ಎತ್ತಿಗೆ ಅದು ಒಂದು ಹಗಲಿನಲ್ಲಿ ಮುಗಿಯುವ ದಾರಿಯಲ್ಲ. ಆದ್ದರಿಂದ ಬಂಡಿಯಲ್ಲಿ ರಾತ್ರಿ ಕಳೆಯುವ ಏರ್ಪಾಟೂ ಬೇಕು. ಬಂಡಿಯ ತಳಕ್ಕೆ ಹುಲ್ಲು, ಹುಲ್ಲಿನ ಮೇಲೆ ಕೌದಿ. ಹುಲ್ಲು ಹೋಗುವಾಗ ಹಾಸಿಗೆ, ತಂಗಿದಲ್ಲಿ ಎತ್ತಿನ ಮೇವು. ದಾರಿ ಸಾಗಿದಂತೆ ಬಂಡಿ ತಾನೇ ಹಗುರಾಗುತ್ತಿತ್ತು. ಬುತ್ತಿಗೆ ಒಣಗಿಸಿದ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ನೀರಿಲ್ಲದ ತಿನಿಸು ಹಗುರ, ಕೆಡುವುದೂ ಇಲ್ಲ. ಒಂದು ಗಡಿಗೆ, ಒಂದು ಚರಗಿ, ಒಂದು ಬುಟ್ಟಿ. ಒಲೆಗೆ ಮೂರು ಕಲ್ಲು ದಾರಿಯಲ್ಲೇ ಸಿಗುತ್ತವೆ, ಮನೆಯಿಂದ ಹೊರಬೇಕೆ? ರಾತ್ರಿ ನೊಗದ ಕೆಳಗೆ ಕಟ್ಟಿಗೆ ಊರಿ ಬಂಡಿಯನ್ನು ಮಟ್ಟವಾಗಿ ನಿಲ್ಲಿಸಿದರೆ ಕಮಾನಿನ ಒಳಗೆ ಹೆಂಗಸರು ಮಕ್ಕಳು, ಬಂಡಿಯ ಕೆಳಗೆ ಗಂಡಸರು, ಗಾಲಿಗೆ ಕಟ್ಟಿದ ಎತ್ತು.

ಹೇರುವುದಕ್ಕೂ ಒಂದು ಶಾಸ್ತ್ರವಿತ್ತು. ಎರಡು ಗಾಲಿಯ ಬಂಡಿ ತಕ್ಕಡಿ ಇದ್ದ ಹಾಗೆ. ಸಾಮಾನು ಮುಂದಕ್ಕೆ ಜಾಸ್ತಿಯಾದರೆ ಮುಂಭಾರವಾಗಿ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹೆಗಲು ಹುಣ್ಣಾಗುತ್ತದೆ. ಹಿಂದಕ್ಕೆ ಜಾಸ್ತಿಯಾದರೆ ಹಿಂಭಾರವಾಗಿ ನೊಗ ಮೇಲೇಳುತ್ತದೆ, ಕೊರಳ ಪಟ್ಟಿ ಬಿಗಿದು ಎತ್ತಿಗೆ ಉಸಿರು ಕಟ್ಟುತ್ತದೆ. ಸ್ವಲ್ಪವೇ ಮುಂಭಾರವಿದ್ದರೆ ಸರಿ. ಬಂಡಿ ಹೊಡೆಯುವ ಕಾಕಾ ನೊಗವನ್ನು ಕೈಯಿಂದ ಎತ್ತಿ ನೋಡಿ, “ಯವ್ವಾ, ಬುತ್ತಿ ಬುಟ್ಟಿ ಒಂದೀಟು ಮುಂದ ಸರಸ್ರಿ” ಎಂದರೆ ಸಾಕು, ಒಳಗೆ ಕುಳಿತವರು ಬುಟ್ಟಿಯ ಜೊತೆ ತಾವೂ ಸರಿದು ಕೂಡುತ್ತಿದ್ದರು. ಬಂಡಿ ಹೊಡೆಯುವುದು ಗಂಡಸರ ಕೆಲಸ. ಬಂಡಿ ತೂಗುವುದು ಗಂಟು ಕಟ್ಟಿದ ಹೆಂಗಸರ ಕೈಯಲ್ಲಿತ್ತು.

ಆದರೆ ಈ ತೂಕದ ಚರಿತ್ರೆ ಬರೀ ಜಾತ್ರೆಯ ಸಂಭ್ರಮದ್ದಲ್ಲ. ಏರು ಬಂದಾಗ ಯಾರು ಇಳಿಯಬೇಕು ಎಂಬ ಪ್ರಶ್ನೆಯೂ ಅದರಲ್ಲಿದೆ. ನಮ್ಮದು ಎರೆ ಭೂಮಿ. ಮಳೆ ಬಿದ್ದರೆ ಕಬ್ಬಿಣದ ಪಟ್ಟೆಯ ಗಾಲಿ ಗುಂಬದವರೆಗೆ ಹೂಳುತ್ತದೆ. ಹಳ್ಳ ದಾಟುವಾಗ ದಡದ ಏರು, ಚಿಂಚೋಳಿ ಕಡೆಗೆ ಹೋದರೆ ಗುಡ್ಡದ ಏರು. ಗಂಡಸರು ಮೊದಲೇ ನಡೆಯುತ್ತಿರುತ್ತಾರೆ. ಮೊದಲು ಇಳಿಯುವವಳು ಸೊಸೆ, ಆಮೇಲೆ ಮದುವೆಯಾಗದ ಹುಡುಗಿಯರು. ಅತ್ತೆ ಕೂತೇ ಇರುತ್ತಾಳೆ. ಸಾಮಾನಂತೂ ಇಳಿಯುವುದಿಲ್ಲ. ದೊಡ್ಡ ಮನೆತನದ ಹೆಂಗಸರ ಕಮಾನಿಗೆ ಪರದೆ ಕಟ್ಟಿರುತ್ತಿತ್ತು. ಅವರು ಇಳಿಯುವಂತಿಲ್ಲ, ಹೊರಗೆ ಇಣುಕುವಂತೆಯೂ ಇಲ್ಲ. ಬಡವರ ಹೆಣ್ಣುಮಕ್ಕಳಿಗೆ ಬಂಡಿಯೇ ಇಲ್ಲ, ತಲೆಯ ಮೇಲಿನ ಗಂಟೇ ಎಲ್ಲ. ಬಸುರಿಯನ್ನು ಏಳನೆಯ ತಿಂಗಳಲ್ಲೇ ತವರಿಗೆ ಕಳಿಸುತ್ತಿದ್ದುದಕ್ಕೆ ಶಾಸ್ತ್ರ ಎಷ್ಟು ಕಾರಣವೋ, ಬಂಡಿಯ ಕುಲುಕಾಟವೂ ಅಷ್ಟೇ ಕಾರಣವಿರಬೇಕೆಂದು ನನಗನ್ನಿಸುತ್ತದೆ. ಆಯಿ ಒಂದೇ ಮಾತು ಹೇಳುತ್ತಿದ್ದಳು: “ಬಸುರಿ ಕುಂತ ಬಂಡ್ಯಾಗ ಜ್ವಾಳದ ಚೀಲ ಹೇರಬ್ಯಾಡ್ರಿ. ಸಿಕ್ಕೊಂಡ್ರ ಚೀಲ ಇಳಸಂಗಿಲ್ಲ ನೀವು, ಆಕಿನ್ನೇ ಇಳಸ್ತೀರಿ.” ತೂಕದ ಲೆಕ್ಕ ತಪ್ಪಿದರೆ ಅದರ ಬೆಲೆ ತೆರುವವರು ಯಾರು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ನಮ್ಮ ತಾಂಡಾಗಳ ಲಂಬಾಣಿ ಜನರದು ಇನ್ನೊಂದು ದಾರಿ. ಅವರ ಹಿರಿಯರು ಗಾಡಿಯ ಗೊಡವೆಗೇ ಹೋಗದೆ ಎತ್ತಿನ ಬೆನ್ನ ಮೇಲೇ ಉಪ್ಪು, ಧಾನ್ಯ ಹೇರಿದರು. ಹತ್ತು ಹನ್ನೆರಡು ಸಾವಿರ ಎತ್ತುಗಳ ಹಿಂಡು ಎದುರಾದರೆ ದಾರಿ ಬಿಟ್ಟು ದಿನಗಟ್ಟಲೆ ಕಾಯಬೇಕಾಗುತ್ತಿತ್ತು ಎಂದು ತಾವೆರ್ನಿಯೆಯೇ ಬರೆದಿದ್ದಾನೆ. ಗಾಲಿ ಇಲ್ಲದಿದ್ದರೆ ಕೆಸರಿನ ಭಯವಿಲ್ಲ, ಆದರೆ ಒಂದು ಬೆನ್ನು ಹೊರುವಷ್ಟೇ ಸಂಸಾರ. ಕನ್ನಡಿ ಕೂಡಿಸಿದ ಕಸೂತಿಯ ಬಟ್ಟೆಯಲ್ಲೇ ತಮ್ಮ ಸಿರಿಯನ್ನೆಲ್ಲ ಹೊಲಿದುಕೊಂಡ ಆ ಹೆಣ್ಣುಮಕ್ಕಳು ಹಗುರಾದ ಬದುಕಿಗೂ ಚೆಲುವಿದೆ ಎಂದು ತೋರಿಸಿದರು.

1871ರಲ್ಲಿ ಮುಂಬೈ ಕಡೆಯ ರೈಲು ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹಾಯ್ದು ನಿಜಾಮರ ರೈಲು ಹೈದರಾಬಾದಿಗೆ ಹೋಯಿತು. ಆಮೇಲೆ ದೂರದ ಪ್ರಯಾಣ ಬಂಡಿಯ ಕೈ ತಪ್ಪಿತು. ಊರಿಂದ ಸ್ಟೇಷನ್ನಿಗೆ, ಹೊಲದಿಂದ ಮನೆಗೆ, ಶಹಾಬಾದಿನ ಕಲ್ಲಿನ ಗಣಿಯಿಂದ ಅಂಗಳಕ್ಕೆ, ಇಷ್ಟೇ ಅದರ ಸೀಮೆಯಾಯಿತು. ಮುಂದೆ ಗಾಳಿ ತುಂಬಿದ ಟೈರಿನ ಬಂಡಿ ಬಂತು. ಅದೇ ಎತ್ತು ಹೆಚ್ಚು ಭಾರ ಎಳೆಯಿತು. ಎತ್ತಿನ ಪರವಾಗಿ ಸರ್ಕಾರ 1965ರಲ್ಲಿ ನಿಯಮಗಳನ್ನೇ ಮಾಡಿತು. ಎತ್ತಿನ ಗಾತ್ರ ನೋಡಿ ಭಾರ, ಗಾಲಿಯ ಬಗೆ ನೋಡಿ ಭಾರ. ದಿನಕ್ಕೆ 9 ತಾಸಿಗಿಂತ ಹೆಚ್ಚು ದುಡಿಸಬಾರದು, ಒಂದೇ ಸಮನೆ 5 ತಾಸು ಮೀರಬಾರದು, 37 ಡಿಗ್ರಿ ಮೀರಿದ ಬಿಸಿಲಿನಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ನಮ್ಮ ವೈಶಾಖದ ಬಿಸಿಲು ಬಲ್ಲವರಿಗೆ ಕೊನೆಯ ನಿಯಮದ ಬೆಲೆ ಗೊತ್ತು.

ಇತ್ತ ಬಂಡಿಯ ವಾಸ ಮುಗಿಯುತ್ತಿದ್ದಾಗ ಅತ್ತ ಯುರೋಪಿನಲ್ಲಿ, ಅಮೆರಿಕದಲ್ಲಿ ಅದು ವಿಹಾರದ ವಸ್ತುವಾಗಿ ಹುಟ್ಟಿತು. ಸ್ಕಾಟ್ಲೆಂಡ್ ಮೂಲದ ಲೇಖಕ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ‘ವಾಂಡರರ್’ ಎಂಬ ಗಾಲಿಯ ಮನೆ ಕಟ್ಟಿಸಿ ಸ್ಕಾಟ್ಲೆಂಡಿನವರೆಗೆ ಹೋದ. ಅದರ ತೂಕ ಸುಮಾರು ಎರಡು ಟನ್, ಎಳೆಯಲು ಎರಡೇ ಕುದುರೆ! ಆ ಕುದುರೆಗಳನ್ನು ನೆನೆದರೆ ನನಗೆ ಎರೆಯ ಕೆಸರಿನ ಎತ್ತುಗಳೇ ಕಣ್ಣ ಮುಂದೆ ಬರುತ್ತವೆ. ಮೋಟಾರು ಬಂದ ಮೇಲೆ ಅಮೆರಿಕದ ವಾಲಿ ಬಯಾಮ್ ಕಾರಿನ ಹಿಂದೆ ಕಟ್ಟುವ ಮನೆಗಳನ್ನು ಮಾಡಿದ. ಡೇರೆಯಲ್ಲಿ ಮಲಗಲು ಒಪ್ಪದ ಹೆಂಡತಿ ತನಗೆ ಅಡುಗೆಮನೆ ಬೇಕೆಂದು ಹಟ ಹಿಡಿದದ್ದೇ ಅದಕ್ಕೆ ಮೂಲವೆಂದು ಹೇಳುತ್ತಾರೆ. 1936ರಲ್ಲಿ ಅವನ ‘ಏರ್‌ಸ್ಟ್ರೀಮ್’ ಕಂಪನಿಯ ಅಲ್ಯುಮಿನಿಯಂ ಮನೆ ರಸ್ತೆಗಿಳಿಯಿತು. ಕಬ್ಬಿಣ, ಮರ ಬಿಟ್ಟು ಅಲ್ಯುಮಿನಿಯಂ ಹಿಡಿದದ್ದು ಏಕೆ? ಅಲ್ಲಿಯೂ ಅದೇ ಉತ್ತರ: ಹಗುರಿರಬೇಕು.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು ಇಂಥದೇ ಒಂದು ಗಾಲಿಯ ಮನೆ ಕೊಳ್ಳುವ ಯೋಚನೆಯಲ್ಲಿದ್ದಾಗ ನಮ್ಮಿಬ್ಬರ ನಡುವೆ ಫೋನಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅವರಲ್ಲಿರುವುದು ಟೊಯೊಟಾ ಸಿಯೆನ್ನಾ ಎಂಬ ಮಿನಿವ್ಯಾನ್. ಅದು ಎಳೆಯಬಲ್ಲದ್ದು 3,500 ಪೌಂಡು, ಅಂದರೆ ಸುಮಾರು 1,590 ಕೆ.ಜಿ. “ದೊಡ್ಡವ್ವ, ಒಂದು ಟ್ರೇಲರು ಖಾಲಿ ಇದ್ದಾಗ 1,450 ಕೆ.ಜಿ. ಅದ. ಅಡುಗೆಮನಿ, ಬಚ್ಚಲ ಎಲ್ಲಾ ಅದಾವ. ನಡೀತದಲ್ಲ?” ಎಂದಳು. ಖಾಲಿ ಬಂಡಿ ತೂಗಿ ಎತ್ತು ಕೊಳ್ಳುವವರುಂಟೇ? ನೂರು ಲೀಟರ್ ನೀರು ತುಂಬಿದರೆ ಅದೇ ನೂರು ಕೆ.ಜಿ. ಗ್ಯಾಸು, ಬ್ಯಾಟರಿ, ಹಾಸಿಗೆ, ಪಾತ್ರೆ, ಮಕ್ಕಳ ಸೈಕಲ್ಲು ಇನ್ನೂ ಬೇರೆ. ತುಂಬಿದ ಮೇಲಿನ ತೂಕವೇ ನಿಜವಾದ ತೂಕ.

ಇನ್ನೊಂದು ಸಂಗತಿ ಕೇಳಿ ನಾನೇ ಬೆರಗಾದೆ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ವ್ಯಾನಿನ ಕೊಂಡಿಯ ಮೇಲೆ ಕೂಡಬೇಕಂತೆ. ಅದಕ್ಕಿಂತ ಕಡಿಮೆಯಾದರೆ ಟ್ರೇಲರು ಹಾವಿನಂತೆ ಬಾಲ ಬೀಸಿ ವ್ಯಾನನ್ನೇ ಎಳೆದಾಡುತ್ತದೆ. ಹೆಚ್ಚಾದರೆ ವ್ಯಾನಿನ ಹಿಂಭಾಗ ಕುಸಿದು ಮುಂದಿನ ಗಾಲಿಗಳ ಹಿಡಿತ ಸಡಿಲುತ್ತದೆ. ಇದು ಕಾಕಾನ ಮುಂಭಾರ, ಹಿಂಭಾರವೇ ಅಲ್ಲವೇ! 1,200 ಕೆ.ಜಿ.ಯ ಟ್ರೇಲರಾದರೆ ಕೊಂಡಿಯ ಮೇಲೆ 120ರಿಂದ 180 ಕೆ.ಜಿ. ಬೀಳುತ್ತದೆ. ವ್ಯಾನು ಹೊರಬಲ್ಲ ಭಾರದಲ್ಲಿ ಅದೂ ಸೇರುತ್ತದೆ, ಒಳಗೆ ಕುಳಿತ ಐದು ಜನರೂ ಸೇರುತ್ತಾರೆ. ಎತ್ತರದ ಟ್ರೇಲರಾದರೆ ಎದುರುಗಾಳಿಯ ಭಾರ ಬೇರೆ. ಇಳಿಜಾರಿನಲ್ಲಿ ಅದು ಹಿಂದಿನಿಂದ ತಳ್ಳುವುದರಿಂದ ಅದಕ್ಕೇ ಸ್ವಂತ ಬ್ರೇಕು ಬೇಕು. ನಮ್ಮಲ್ಲಿ ಇಳಿಜಾರು ಬಂದಾಗ ಬಂಡಿಗೆ ಹಗ್ಗ ಕಟ್ಟಿ ನಾಲ್ಕು ಜನ ಹಿಂದಕ್ಕೆ ಜಗ್ಗಿ ಹಿಡಿಯುತ್ತಿದ್ದರು.

ಕಡೆಗೆ ಅವಳು ಒಪ್ಪಿದ್ದು ಬಚ್ಚಲಿಲ್ಲದ, ಫೈಬರ್ ಗಾಜಿನ ಒಂದು ಚಿಕ್ಕ ಟ್ರೇಲರಿಗೆ. ತುಂಬಿದ ಮೇಲೂ ಸಾವಿರ ಕೆ.ಜಿ. ದಾಟುವುದಿಲ್ಲ. ಸ್ನಾನಕ್ಕೆ ತಂಗುದಾಣದಲ್ಲೇ ಏರ್ಪಾಟಿರುತ್ತದೆ, ಒಲೆಯ ಕಲ್ಲಿನ ಹಾಗೆ. ಮಿತಿಯ ಅಂಚಿಗೆ ಹೋಗದೆ ಮೂರನೆಯ ಒಂದು ಪಾಲಿನಷ್ಟು ಕೈಗಾವಲು ಉಳಿಸಿಕೊಂಡದ್ದು ಜಾಣತನ. ಬೆಟ್ಟದ ಏರಿನಲ್ಲಿ ಬಿಸಿಯಾದ ಎಂಜಿನ್ನು ಎತ್ತಿನಂತೆ ಕಣ್ಣಲ್ಲಿ ನೀರು ತಂದು ಹೇಳುವುದಿಲ್ಲ. ಹೇಳದ ಜೀವದ ಲೆಕ್ಕವನ್ನು ನಾವೇ ಇಡಬೇಕು.

ಗೆಳತಿಯರೇ, ಟ್ರೇಲರು ನಮಗೇಕೆ ಎನ್ನಬಹುದು. ಎಳ್ಳಮವಾಸ್ಯೆಯ ದಿನ ನಮ್ಮ ಕಡೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಈಗ ಬಂಡಿಗಿಂತ ಟ್ರ್ಯಾಕ್ಟರಿನ ಟ್ರೇಲರಿನಲ್ಲೇ ಹೆಂಗಸರು ಮಕ್ಕಳು ಗಿಜಿಗುಡುತ್ತಾರೆ. ಸರಕಿಗಾಗಿ ಮಾಡಿದ ಆ ತೊಟ್ಟಿಯಲ್ಲಿ ಎಷ್ಟು ಜನ ಎಂದು ಎಣಿಸುವವರಿಲ್ಲ, ಭಾರ ಹಿಂದೋ ಮುಂದೋ ನೋಡುವವರಿಲ್ಲ. ಎಂಜಿನ್ನಿಗೆ ನೋವಿಲ್ಲವೆಂದು ಲೆಕ್ಕವನ್ನೇ ಬಿಟ್ಟುಬಿಟ್ಟಿದ್ದೇವೆ. ತಿರುವಿನಲ್ಲಿ ಮಗುಚಿದರೆ ಕೆಳಗೆ ಸಿಕ್ಕುವವರು ಮತ್ತೆ ಹಿಂದೆ ಕುಳಿತ ಹೆಂಗಸರು, ಮಕ್ಕಳೇ. ನೊಗ ಎತ್ತಿ ನೋಡುತ್ತಿದ್ದ ಕೈ ಇಂದೂ ಬೇಕು. ಹತ್ತುವ ಮೊದಲು ಎಷ್ಟು ಜನ, ಎಷ್ಟು ಭಾರ, ಹೊಡೆಯುವವನು ಯಾರು ಎಂದು ಕೇಳುವ ಬಾಯಿ ಇಂದೂ ಬೇಕು. ಬುತ್ತಿ ಕಟ್ಟುವವರು ನಾವೇ ಆದ ಮೇಲೆ ಆ ಪ್ರಶ್ನೆಯನ್ನು ಕೇಳುವ ಹಕ್ಕೂ ನಮ್ಮದೇ.