ಮಹಾಮಾರಿಯ ಕಾಲದಲ್ಲಿ ಕ್ಷಯಚಿಕಿತ್ಸೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯನ್ನು ಕುರಿತು

ಭಾರತದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ಸರ್ಕಾರದ ದಾಖಲೆಗೆ ಬಂದಿದ್ದು, ಕೊರೋನಾ ಹಬ್ಬಿದ 2020ರಲ್ಲಿ ಆ ಸಂಖ್ಯೆ ಸುಮಾರು 18 ಲಕ್ಷಕ್ಕಿಳಿಯಿತು. ರೋಗವು ಒಂದೇ ವರ್ಷದಲ್ಲಿ ಅಷ್ಟು ಕುಗ್ಗಲು ಕಾರಣವಾವುದೂ ಇರಲಿಲ್ಲವಾದುದರಿಂದ, ಲಕ್ಷಾಂತರ ಮಂದಿ ಕಫಪರೀಕ್ಷೆಯೂ ಇಲ್ಲದೆ ಮಾತ್ರೆಯೂ ಇಲ್ಲದೆ ಮನೆಗಳಲ್ಲಿಯೇ ಉಳಿದರೆಂದು ನಾವು ತಿಳಿಯಬೇಕಾಗುತ್ತದೆ.

ಈ ನಷ್ಟದ ಸ್ವರೂಪವನ್ನರಿಯಲು ಮಲೆನಾಡಿನ ಈ ಮೂರು ತಾಲ್ಲೂಕುಗಳ ನೆಲವನ್ನು ನೋಡಬೇಕು. ಮನೆಗೂ ಮನೆಗೂ ನಡುವೆ ಅಡಕೆತೋಟ, ಗದ್ದೆ, ಹಳ್ಳಗಳಿರುವ ಇಲ್ಲಿ ಬಡವನ ಚಿಕಿತ್ಸೆಯು ಬಸ್ಸನ್ನು ಆಶ್ರಯಿಸಿದೆ. ಕಾರ್ಮಿಕರೇ 1991ರಲ್ಲಿ ಕೊಪ್ಪದಲ್ಲಿ ಕಟ್ಟಿ, ಒಳಹಳ್ಳಿಗಳವರೆಗೂ ನಡೆಸಿಕೊಂಡು ಬಂದ ‘ಸಹಕಾರ ಸಾರಿಗೆ’ಯು ನಷ್ಟದ ಭಾರದಿಂದ 2020ರ ಫೆಬ್ರವರಿಯಲ್ಲಿ ನಿಂತುಹೋಯಿತು, ಮಾರ್ಚ್ 25ರಿಂದ ದೇಶದ ಸಂಚಾರವೆಲ್ಲವೂ ಸ್ತಬ್ಧವಾಯಿತು. ಒಂದರ ಬೆನ್ನಿಗೆ ಒಂದಾಗಿ ಬಂದ ಈ ಎರಡು ಘಟನೆಗಳನ್ನು ಆರೋಗ್ಯದ ಚರಿತ್ರೆಯಲ್ಲಿ ಬೇರೆಬೇರೆಯಾಗಿ ಬರೆಯಲಾಗದೆಂಬುದು ನನ್ನ ಅಭಿಪ್ರಾಯ.

ಕ್ಷಯದ ಚಿಕಿತ್ಸೆಗೆ ಆರು ತಿಂಗಳ ಅವಿಚ್ಛಿನ್ನತೆ ಬೇಕು: ಮೊದಲ ಎರಡು ತಿಂಗಳು ನಾಲ್ಕು ಔಷಧ, ಅನಂತರದ ನಾಲ್ಕು ತಿಂಗಳು ಮೂರು. ನಡುವೆ ತಪ್ಪಿದರೆ ರೋಗಾಣುವು ಔಷಧಕ್ಕೆ ಬಗ್ಗದಂತಾಗುವ ಭಯವುಂಟು. ಒಂದು ತಿಂಗಳ ಮಾತ್ರೆಗಳನ್ನು ಒಟ್ಟಿಗೆ ಕೊಡುವಂತೆ ಕೇಂದ್ರವು ಆಗ ಸೂಚಿಸಿದುದು ವಿವೇಕದ ಕ್ರಮವೇ ಸರಿ. ಆದರೆ ರೋಗವೇ ಪತ್ತೆಯಾಗದವನಿಗೆ ಅದರಿಂದ ಫಲವೇನು? ಕಫವನ್ನು ಪರೀಕ್ಷಿಸುವ ಟ್ರೂನಾಟ್ ಯಂತ್ರಗಳು ದೇಶದ ಅನೇಕ ಕಡೆ ಕೊರೋನಾ ಪರೀಕ್ಷೆಗೆ ಸಂದುವು. ಆಷಾಢದ ಮಳೆಯಲ್ಲಿ ಕೆಮ್ಮು ಸಹಜವೆಂದು ಮೆಣಸಿನ ಕಷಾಯ ಕುಡಿದು ಸುಮ್ಮನಾಗುವುದು ಮಲೆನಾಡಿಗರ ರೂಢಿ. ಕೆಮ್ಮಿದವನನ್ನು ನೆರೆಯವರು ಶಂಕಿಸತೊಡಗಿದ ಆ ದಿನಗಳಲ್ಲಿ ಅದನ್ನು ಅಡಗಿಸಿಕೊಳ್ಳುವ ಪ್ರವೃತ್ತಿಯೂ ಇದರೊಡನೆ ಕೂಡಿತು. ಚಿಕಿತ್ಸೆಯಿಲ್ಲದ ರೋಗಿಯೊಬ್ಬನಿಂದ ವರ್ಷದಲ್ಲಿ ಹತ್ತು ಹದಿನೈದು ಮಂದಿಗೆ ಸೋಂಕು ತಗಲಬಹುದೆಂಬುದನ್ನು ನೆನೆದರೆ, ಎಸ್ಟೇಟಿನ ಕೂಲಿ ಲೈನಿನ ಒಂದೇ ಕೋಣೆಯಲ್ಲಿ ಮಲಗುವ ಕುಟುಂಬದ ಗತಿಯು ಮನಸ್ಸನ್ನು ಕಲಕುತ್ತದೆ.

ಪರಿಹಾರದ ಬೀಜವೂ ಈ ನೆಲದಲ್ಲಿಯೇ ಇದೆ. ಮಂಗನ ಕಾಯಿಲೆಯ ಋತುವಿನಲ್ಲಿ ಉಣುಗು ಕಚ್ಚದಂತೆ ಮೈಗೆ ಹಚ್ಚುವ ತೈಲವನ್ನು ಹಿಡಿದು ಕಾಡಂಚಿನ ಮನೆಗಳಿಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಹಾದಿಯೂ ಗೊತ್ತು, ಮನೆಯವರೂ ಗೊತ್ತು. ಎರಡು ವಾರ ಮೀರಿದ ಕೆಮ್ಮಿನವರ ಕಫವನ್ನು ಅವರು ಮನೆಬಾಗಿಲಿನಲ್ಲಿಯೇ ಸಂಗ್ರಹಿಸಲಿ. ಅದನ್ನು ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸುವ ವಾಹನದ ವೆಚ್ಚವನ್ನು, ಮುಂದಿನ ಮಹಾಮಾರಿಗೆ ಕಾಯದೆ, ಸರ್ಕಾರವು ಈಗಲೇ ವಹಿಸಿಕೊಳ್ಳಲಿ.