ಪುಸ್ತಕವನ್ನು ಹೊತ್ತು ತರುವವರು ಯಾರು?

ಕನ್ನಡ ಪುಸ್ತಕಗಳ ಇತಿಹಾಸದಲ್ಲಿ ಬರೆದವರ ಹೆಸರು ಉಳಿಯುತ್ತದೆ; ಪ್ರಕಟಿಸಿದವರ ಹೆಸರು ಅಲ್ಲಲ್ಲಿ ಕಾಣಿಸುತ್ತದೆ. ಪುಸ್ತಕವನ್ನು ಓದುಗನ ಕೈಗೆ ಮುಟ್ಟಿಸಿದವರನ್ನು ಮಾತ್ರ ನಾವು ಬಹುಬೇಗ ಮರೆಯುತ್ತೇವೆ. ಆದರೆ ಪುಸ್ತಕೋದ್ಯಮದ ಏಳುಬೀಳುಗಳು ಹೆಚ್ಚಾಗಿ ಅವಲಂಬಿಸಿರುವುದು ಈ ಮೂರನೆಯವರನ್ನೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕರ್ನಾಟಕದಲ್ಲಿ ಮರಾಠಿಯದೇ ಪ್ರಾಬಲ್ಯ. ಕನ್ನಡ ಓದಬಲ್ಲವರಿಗೂ ಓದಲು ಕನ್ನಡದಲ್ಲಿ ಹೆಚ್ಚೇನೂ ಸಿಗುತ್ತಿರಲಿಲ್ಲ. ಹಾವೇರಿ ಸೀಮೆಯ ವೆಂಕಟೇಶ ತಿರಕೋ ಕುಲಕರ್ಣಿ, ಅಂದರೆ ಗಳಗನಾಥರು (1869–1942), ಐತಿಹಾಸಿಕ ಕಾದಂಬರಿಗಳನ್ನು ಬರೆದರು. ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ಬೆಳೆಸಿದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಅಂಗಡಿಯೇ ಇಲ್ಲದ ಕಡೆ ಲೇಖಕನೇ ಅಂಗಡಿಯಾದದ್ದು ಹೀಗೆ.

ಹೆಗಲ ಮೇಲಿನ ಗಂಟಿನ ಕೆಲಸವನ್ನು ಮುಂದೆ ಅಂಚೆ ವಹಿಸಿಕೊಂಡಿತು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ನಡೆದ ಸಂಸ್ಥೆ. ಓದುಗರು ವರ್ಷದ ಚಂದಾ ಮೊದಲೇ ಕಟ್ಟಬೇಕು. ಪುಸ್ತಕಗಳು ಅಚ್ಚಾದಂತೆ ಅವರ ಮನೆಗೆ ತಲುಪುತ್ತವೆ. ಯಾವ ಪುಸ್ತಕ ಬರುತ್ತದೆಂದು ತಿಳಿಯದೆಯೇ ಹಣ ಕೊಡುವ ಓದುಗರಿದ್ದರೆಂಬುದು ಸಣ್ಣ ಮಾತಲ್ಲ. ಆ ನಂಬಿಕೆಯ ಬಲದಿಂದಲೇ ಪ್ರಕಾಶಕರು ಹೊಸಬರಿಗೆ ಅವಕಾಶ ಕೊಡಬಹುದಾಗಿತ್ತು. 1961ರಲ್ಲಿ ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಹೊರಬಂದದ್ದು ಇಲ್ಲಿಂದಲೇ.

ಪಟ್ಟಣಗಳಲ್ಲಿ ಈ ಕೆಲಸ ಮಾಡಿದವು ಬಾಡಿಗೆ ಪುಸ್ತಕದ ಅಂಗಡಿಗಳು, ಅಂದರೆ ಸರ್ಕ್ಯುಲೇಟಿಂಗ್ ಲೈಬ್ರರಿಗಳು. ಒಂದಿಷ್ಟು ಠೇವಣಿ, ದಿನಕ್ಕಿಷ್ಟು ಬಾಡಿಗೆ. ಅನಕೃ, ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ಕೊಂಡು ಓದಲಾಗದ ಸಾವಿರಾರು ಗೃಹಿಣಿಯರು ಓದಿದ್ದು ಇವುಗಳ ಮೂಲಕ. ಟಿ.ವಿ. ಧಾರಾವಾಹಿಗಳು ಮನೆಯೊಳಗೆ ಬಂದ ಮೇಲೆ ಈ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದುಕೊಂಡವು.

ಸರ್ಕಾರವೇ ಗಿರಾಕಿ

ಈ ನಡುವೆ ದೊಡ್ಡ ಬದಲಾವಣೆಯೊಂದು ಆಗಿತ್ತು. 1965ರಲ್ಲಿ ಅಂದಿನ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯನ್ನು ರೂಪಿಸಿತು. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ವಸೂಲು ಮಾಡಿ ಅದರಿಂದ ಗ್ರಂಥಾಲಯಗಳನ್ನು ನಡೆಸುವ ಏರ್ಪಾಟು ಇದು. ಈಗ ಆ ಕರದ ಪ್ರಮಾಣ ಶೇ. 6. ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ, ಗ್ರಂಥಾಲಯದ ಮೆಟ್ಟಿಲು ಹತ್ತದಿದ್ದರೂ, ಅದರ ಪೋಷಕರೇ.

ಇಲಾಖೆಯ ಸಗಟು ಖರೀದಿಯಿಂದ ಪ್ರಕಾಶಕರಿಗೆ ದೊಡ್ಡ ಆಸರೆ ಸಿಕ್ಕಿತು. ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಕೊಳ್ಳುವ ಏಕಗವಾಕ್ಷಿ ಯೋಜನೆ ಇಲ್ಲದಿದ್ದರೆ ಎಷ್ಟೋ ಕವನ ಸಂಕಲನಗಳು, ವಿಮರ್ಶಾ ಗ್ರಂಥಗಳು ಬೆಳಕು ಕಾಣುತ್ತಿರಲಿಲ್ಲ. ಆದರೆ ಆಸರೆಯೇ ಅಭ್ಯಾಸವಾದಾಗ ತೊಂದರೆಯೂ ಶುರುವಾಗುತ್ತದೆ. ಮಾರಾಟ ಮೊದಲೇ ಖಚಿತವೆಂದಾದರೆ ಓದುಗನನ್ನು ಹುಡುಕಿಕೊಂಡು ಹೋಗುವ ಶ್ರಮ ಯಾರಿಗೆ ಬೇಕು? ಪುಟಕ್ಕಿಷ್ಟು ಎಂದು ದರ ಗೊತ್ತುಮಾಡಿದಾಗ ಪುಸ್ತಕದ ತೂಕ ಹೆಚ್ಚಿಸುವ ಆಸೆಯೂ ಸಹಜ. ಖರೀದಿ ತಡವಾದರಂತೂ ಸಣ್ಣ ಪ್ರಕಾಶಕರ ಬಂಡವಾಳವೆಲ್ಲ ಗೋದಾಮಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಇದಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ. ಸಂಗ್ರಹವಾದ ಹಣವೂ ಸರಿಯಾಗಿ ಕೈಸೇರುವುದಿಲ್ಲ. ಜನರಿಂದ ಪಡೆದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ಪೂರ್ತಿ ವರ್ಗಾಯಿಸುವುದಿಲ್ಲವೆಂಬುದು ಹಳೆಯ ದೂರು. ಬೆಂಗಳೂರಿನಲ್ಲಿ 2025ರವರೆಗೆ ಇದ್ದ ಬಿಬಿಎಂಪಿ ಹೀಗೆ ಉಳಿಸಿಕೊಂಡ ಬಾಕಿ ನೂರಾರು ಕೋಟಿ ರೂಪಾಯಿಗೆ ಏರಿತ್ತು.

ಮತ್ತೆ ಓದುಗನ ಕಡೆಗೆ

ಅಂಗಡಿಗಳ ಸ್ಥಿತಿಯೂ ಸುಲಭವಾಗಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಬಳಿ ಟಿ.ಎಸ್. ಶಾನಭಾಗರು 1971ರಿಂದ ನಡೆಸಿದ ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿ ಮುಚ್ಚಿತು. ಕೇಳಿದ ಪುಸ್ತಕವನ್ನು ರಾಶಿಯ ನಡುವಿನಿಂದ ಕ್ಷಣದಲ್ಲಿ ಎಳೆದು ಕೊಡುತ್ತಿದ್ದ ಅಂಗಡಿಯದು. ಆನ್‌ಲೈನ್ ವ್ಯಾಪಾರದಲ್ಲಿ ರಿಯಾಯಿತಿ ಸಿಗಬಹುದು. ‘ಇದನ್ನು ಓದಿ ನೋಡಿ’ ಎನ್ನುವ ಅಂಗಡಿಯವನು ಸಿಗುವುದಿಲ್ಲ.

ಅಂಚೆಯ ದಾರಿಯೂ ಒಮ್ಮೆ ಕಿರಿದಾಯಿತು. ಕಡಿಮೆ ದರದಲ್ಲಿ ಪುಸ್ತಕ ಒಯ್ಯುತ್ತಿದ್ದ ನೋಂದಾಯಿತ ಬುಕ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ನೂರು ರೂಪಾಯಿಯ ಪುಸ್ತಕಕ್ಕೆ ಸಾಗಾಟದ ವೆಚ್ಚವೇ ಹೊರೆಯಾದರೆ ಹಳ್ಳಿಯ ಓದುಗ ಹಿಂಜರಿಯದೆ ಇರುತ್ತಾನೆಯೇ? 2025ರ ಮೇ ತಿಂಗಳಲ್ಲಿ ಆರಂಭವಾದ ‘ಜ್ಞಾನ ಪೋಸ್ಟ್’ 300 ಗ್ರಾಂ ವರೆಗಿನ ಪುಸ್ತಕಕ್ಕೆ 20 ರೂಪಾಯಿಯ ದರ ನಿಗದಿ ಮಾಡಿ ಈ ಕೊರತೆಯನ್ನು ಸ್ವಲ್ಪ ತುಂಬಿತು.

ಹೆಚ್ಚಿನ ಭರವಸೆ ಇರುವುದು ಹಳ್ಳಿಗಳಲ್ಲಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಬಂದವು. ಈಗ ‘ಅರಿವು ಕೇಂದ್ರ’ ಎನಿಸಿಕೊಂಡಿವೆ. ಮಕ್ಕಳನ್ನು ಸದಸ್ಯರನ್ನಾಗಿಸಿ ಬರಮಾಡಿಕೊಂಡ ಕಡೆ ಕಪಾಟಿನ ಪುಸ್ತಕಗಳು ಕೈಯಿಂದ ಕೈಗೆ ಓಡಾಡುತ್ತಿವೆ.

ಪ್ರತಿ ಪುಸ್ತಕಕ್ಕೂ ತನ್ನ ಓದುಗ ದೊರಕಬೇಕೆಂಬುದನ್ನು ಗ್ರಂಥಾಲಯ ಶಾಸ್ತ್ರದ ಸೂತ್ರಗಳಲ್ಲೊಂದಾಗಿ ಎಸ್.ಆರ್. ರಂಗನಾಥನ್ 1931ರಲ್ಲೇ ಹೇಳಿದ್ದರು. ಖರೀದಿಯ ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಆ ಸೂತ್ರ ನೆರವೇರುವುದಿಲ್ಲ. ಕಾಯ್ದೆ, ಕರ, ಕಟ್ಟಡ ಎಲ್ಲವೂ ಇಂದು ನಮ್ಮಲ್ಲಿವೆ. ಇವು ಯಾವುವೂ ಇಲ್ಲದಿದ್ದಾಗ ಗಳಗನಾಥರು ಮಾಡಿದ ಕೆಲಸವನ್ನು ಈಗ ಯಾರು ಮಾಡುತ್ತಾರೆ ಎಂಬುದರ ಮೇಲೆಯೇ ಕನ್ನಡ ಪುಸ್ತಕದ ಮುಂದಿನ ದಿನಗಳು ನಿಂತಿವೆ.