ಐಸ್‌ಲ್ಯಾಂಡಿನ ಮಕ್ಕಳು ಕುಡಿತದಿಂದ ದೂರವಾದ ಕಥೆ



ಮನೆಯಲ್ಲಿ ಭೂಪಟವಿದ್ದರೆ ಒಮ್ಮೆ ತೆರೆದು ಯುರೋಪಿನ ವಾಯವ್ಯ ದಿಕ್ಕನ್ನು ನೋಡಿ. ಅಟ್ಲಾಂಟಿಕ್ ಸಾಗರದ ನಡುವೆ ಒಂಟಿಯಾಗಿ ಕುಳಿತಿರುವ ದ್ವೀಪವೇ ಐಸ್‌ಲ್ಯಾಂಡ್. ಜ್ವಾಲಾಮುಖಿ, ಬಿಸಿನೀರಿನ ಬುಗ್ಗೆ, ಹಿಮನದಿಗಳ ಪಾಠದಲ್ಲಿ ನಮ್ಮ ಮಕ್ಕಳಿಗೆ ಇದರ ಹೆಸರು ಪರಿಚಯವಾಗುತ್ತದೆ, ಪರೀಕ್ಷೆ ಮುಗಿದ ಮೇಲೆ ಮರೆತೂ ಹೋಗುತ್ತದೆ. ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆಯಾದರೋ ಇಂದಿಗೂ ನಾಲ್ಕು ಲಕ್ಷ ಮುಟ್ಟಿಲ್ಲ. ಡಿಸೆಂಬರ್ ತಿಂಗಳಲ್ಲಿ ರಾಜಧಾನಿ ರೇಕ್ಯಾವಿಕ್‌ನಲ್ಲಿ ದಿನಕ್ಕೆ ನಾಲ್ಕು ತಾಸು ಬೆಳಕು ಕಂಡರೆ ಅದೇ ಹೆಚ್ಚು.

ಇಂತಹ ಪುಟ್ಟ ದೇಶದ ಇತಿಹಾಸವನ್ನು ನಿಮ್ಮ ಮುಂದಿಡಲು ಕಾರಣವಿದೆ. ಹದಿಹರೆಯದ ಮಕ್ಕಳನ್ನು ಕುಡಿತ, ಸಿಗರೇಟು, ಗಾಂಜಾಗಳಿಂದ ದೂರವಿಡುವುದು ಹೇಗೆ ಎಂಬ ಪ್ರಶ್ನೆ ಬಂದಾಗಲೆಲ್ಲ ನಾವು ಒಂದು ಭಾಷಣ ಏರ್ಪಡಿಸುತ್ತೇವೆ, ಒಂದು ಜಾಥಾ ಹೊರಡಿಸುತ್ತೇವೆ, ಮಕ್ಕಳಿಂದ ಪ್ರಮಾಣವಚನ ಹೇಳಿಸುತ್ತೇವೆ. ಐಸ್‌ಲ್ಯಾಂಡಿನವರೂ ಒಂದು ಕಾಲದಲ್ಲಿ ಹೆಚ್ಚುಕಡಿಮೆ ಇದನ್ನೇ ಮಾಡುತ್ತಿದ್ದರು. ಆಮೇಲೆ ಬೇರೆ ದಾರಿ ಹಿಡಿದರು.

ಮದ್ಯದ ವಿಷಯದಲ್ಲಿ ಆ ದೇಶದ ಹಿನ್ನೆಲೆ ವಿಚಿತ್ರವಾದದ್ದು. 1908ರಲ್ಲಿ ಅಲ್ಲಿ ಜನಮತಗಣನೆ ನಡೆದು ಪಾನನಿಷೇಧದ ಪರವಾಗಿ ಬಹುಮತ ಬಂತು. 1915ರಿಂದ ನಿಷೇಧ ಜಾರಿಯಾಯಿತು. ಆದರೆ ಸ್ಪೇನ್ ದೇಶ ತನ್ನ ದ್ರಾಕ್ಷಾರಸವನ್ನು ಕೊಳ್ಳದಿದ್ದರೆ ಐಸ್‌ಲ್ಯಾಂಡಿನ ಉಪ್ಪುಮೀನನ್ನು ತಾನೂ ಕೊಳ್ಳುವುದಿಲ್ಲವೆಂದು ಪಟ್ಟು ಹಿಡಿಯಿತು. ಮೀನೇ ಬದುಕಾಗಿದ್ದ ಜನ ಏನು ಮಾಡಿಯಾರು? 1922ರಲ್ಲಿ ವೈನ್‌ಗೆ ಬಾಗಿಲು ತೆರೆಯಿತು. 1935ರಲ್ಲಿ ಬಿರುಸಾದ ಮದ್ಯಗಳಿಗೂ ಅನುಮತಿ ಸಿಕ್ಕಿತು. ವಿಸ್ಕಿ ಕುಡಿಯಬಹುದು, ಬಿಯರ್ ಮಾತ್ರ ಕೂಡದು ಎಂಬ ಸ್ಥಿತಿ 1989ರ ಮಾರ್ಚ್ 1ರವರೆಗೆ ಮುಂದುವರಿಯಿತು! ಹೀಗೆ ಒಂದು ಕೈಯಿಂದ ಮುಚ್ಚಿ ಇನ್ನೊಂದು ಕೈಯಿಂದ ತೆರೆಯುವ ನೀತಿಯಿಂದ ಮನೆಮನೆಯ ಕುಡಿತವೇನೂ ನಿಲ್ಲಲಿಲ್ಲ. 1977ರ ಹೊತ್ತಿಗೆ ಮದ್ಯವ್ಯಸನಿಗಳ ಚಿಕಿತ್ಸೆಗೆಂದೇ ಅಲ್ಲಿ ಒಂದು ದೊಡ್ಡ ಸ್ವಯಂಸೇವಾ ಸಂಘ ಹುಟ್ಟಿಕೊಂಡಿತ್ತು.

1990ರ ದಶಕಕ್ಕೆ ಬರೋಣ. ಶುಕ್ರವಾರ ರಾತ್ರಿ ರೇಕ್ಯಾವಿಕ್ ಪೇಟೆಯಲ್ಲಿ ಕುಡಿದು ತೂರಾಡುವ ಶಾಲಾ ಮಕ್ಕಳ ಹಿಂಡು ಎದುರಾಗುತ್ತಿತ್ತು. ಹಿರಿಯರು ಆ ಬೀದಿಗಳಲ್ಲಿ ಓಡಾಡಲು ಅಂಜುತ್ತಿದ್ದರು. 1998ರ ಲೆಕ್ಕವನ್ನೇ ತೆಗೆದುಕೊಳ್ಳಿ. 15–16 ವಯಸ್ಸಿನವರಲ್ಲಿ ಶೇಕಡಾ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಅಮಲೇರುವಷ್ಟು ಕುಡಿದಿದ್ದರು. ಶೇಕಡಾ 23 ಮಂದಿ ದಿನವೂ ಸಿಗರೇಟು ಸೇದುತ್ತಿದ್ದರು. ಶೇಕಡಾ 17 ಮಂದಿ ಗಾಂಜಾದ ರುಚಿ ನೋಡಿದ್ದರು. ಗಮನಿಸಿ, ಇವರು ಅಲ್ಲಿನ ಹತ್ತನೇ ತರಗತಿಯ ಮಕ್ಕಳು. ಅಂದರೆ ನಮ್ಮ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳ ವಯಸ್ಸಿನವರು.

ಶಾಲೆಗಳಲ್ಲಿ ಆಗ ಬೋಧನೆ ಇರಲಿಲ್ಲವೆಂದಲ್ಲ. ಮದ್ಯದ ಕೆಡುಕು, ತಂಬಾಕಿನ ಕೆಡುಕುಗಳನ್ನು ವಿವರಿಸುವ ಪಾಠಗಳು ನಡೆಯುತ್ತಲೇ ಇದ್ದವು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1983ರಲ್ಲಿ ಪೊಲೀಸರನ್ನೇ ತರಗತಿಗೆ ಕಳಿಸಿ ಪಾಠ ಹೇಳಿಸುವ ‘ಡೇರ್’ ಎಂಬ ಕಾರ್ಯಕ್ರಮ ಆರಂಭವಾಗಿ ಇಡೀ ದೇಶಕ್ಕೆ ಹರಡಿತ್ತು. ಆದರೆ ಅದರ ಮೂಲ ರೂಪವನ್ನು ಪರಿಶೀಲಿಸಿದ ಸಂಶೋಧಕರಿಗೆ, ಮಕ್ಕಳ ನಡವಳಿಕೆಯ ಮೇಲೆ ಅದರ ಪ್ರಭಾವ ತೀರಾ ಅಲ್ಪವೆಂದು ಕಂಡುಬಂತು. ವಿಷಯ ತಿಳಿದಿರುವುದು ಬೇರೆ, ಅದರಂತೆ ನಡೆಯುವುದು ಬೇರೆ. ಉರ್ದುವಿನಲ್ಲಿ ‘ತಾಲೀಮ್’ ಎಂಬ ಮಾತಿನ ಪಕ್ಕದಲ್ಲೇ ‘ತರ್ಬಿಯತ್’ ಎಂಬ ಇನ್ನೊಂದು ಮಾತಿದೆ. ಮೊದಲನೆಯದು ಕಲಿಸುವುದು, ಎರಡನೆಯದು ಬೆಳೆಸುವುದು. ಬರೀ ತಾಲೀಮಿನಿಂದ ಈ ಕೆಲಸ ಆಗದೆಂದು ಐಸ್‌ಲ್ಯಾಂಡಿನವರಿಗೆ ಅನುಭವದಿಂದ ತಿಳಿಯಿತು.

ಇಲ್ಲಿ ಹಾರ್ವೆ ಮಿಲ್ಕ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಪ್ರವೇಶವಾಗುತ್ತದೆ. ಯಾರು ಯಾವ ಮಾದಕವಸ್ತುವಿಗೆ ಬಲಿಯಾಗುತ್ತಾರೆ, ಏಕೆ ಬಲಿಯಾಗುತ್ತಾರೆ ಎಂಬುದು 1970ರ ದಶಕದಿಂದ ಅವರ ಅಧ್ಯಯನದ ವಿಷಯ. ಮನಸ್ಸಿನ ಒತ್ತಡವನ್ನು ಕೆಲವರು ಮರಗಟ್ಟಿಸಿಕೊಳ್ಳಲು ಬಯಸಿದರೆ ಕೆಲವರು ರೋಮಾಂಚನವನ್ನು ಬಯಸುತ್ತಾರೆ. ಮೆದುಳು ಹಂಬಲಿಸುವ ಆ ಸುಖವನ್ನು ಸಹಜವಾದ ಬೇರೆ ದಾರಿಯಿಂದ ಕೊಡಬಾರದೇಕೆ ಎಂಬುದು ಅವರ ಪ್ರಶ್ನೆ. 1992ರಲ್ಲಿ ಡೆನ್ವರ್ ನಗರದಲ್ಲಿ ದಾರಿತಪ್ಪಿದ ಹುಡುಗ ಹುಡುಗಿಯರಿಗೆ ಸಂಗೀತ, ನೃತ್ಯ, ಚಿತ್ರಕಲೆ, ಕುಸ್ತಿ ಕರಾಟೆಯಂತಹ ವಿದ್ಯೆಗಳನ್ನು ಕಲಿಸುವ ಯೋಜನೆಯನ್ನು ಅವರು ಆರಂಭಿಸಿದರು. ವ್ಯಸನದಿಂದ ಬಿಡಿಸುತ್ತೇವೆಂದು ಆ ಮಕ್ಕಳಿಗೆ ಹೇಳಲಿಲ್ಲ. ನಿಮಗೆ ಏನು ಕಲಿಯಬೇಕೋ ಅದನ್ನು ಕಲಿಸುತ್ತೇವೆ ಎಂದರು. 1991ರಲ್ಲಿ ಐಸ್‌ಲ್ಯಾಂಡಿನಿಂದ ಆಹ್ವಾನ ಬಂದಾಗ ಅಲ್ಲಿಗೂ ಹೋಗಿ ಈ ವಿಚಾರವನ್ನು ಮುಂದಿಟ್ಟರು. ಆಗ ಎದ್ದ ಪ್ರಶ್ನೆ: ಈಗಾಗಲೇ ಕೆಟ್ಟ ಮಕ್ಕಳಿಗೇ ಏಕೆ? ಇನ್ನೂ ಕೆಡದ ಮಕ್ಕಳಿಗೆ ಇದನ್ನೇ ಮೊದಲು ಕೊಟ್ಟರೆ ಹೇಗೆ?

ಆದರೆ ಐಸ್‌ಲ್ಯಾಂಡಿನವರು ಯೋಜನೆಗೆ ಕೈಹಾಕುವ ಮೊದಲು ಲೆಕ್ಕ ಹಾಕಿದರು. ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ ಭಾಗ ಇದೇ. 1992ರಲ್ಲಿ ದೇಶದ ಎಲ್ಲ ಶಾಲೆಗಳ 14ರಿಂದ 16 ವರ್ಷದ ಮಕ್ಕಳಿಗೆ ಒಂದು ಪ್ರಶ್ನಾವಳಿ ಕೊಡಲಾಯಿತು. ಕುಡಿದಿದ್ದೀಯಾ, ಸೇದಿದ್ದೀಯಾ ಎಂಬ ಪ್ರಶ್ನೆಗಳಷ್ಟೇ ಅಲ್ಲ. ತಂದೆತಾಯಿಯರ ಜೊತೆ ಎಷ್ಟು ಹೊತ್ತು ಕಳೆಯುತ್ತೀಯ, ಸಂಜೆ ಎಲ್ಲಿರುತ್ತೀಯ, ಶಾಲೆಯಲ್ಲಿ ನಿನ್ನ ಬಗ್ಗೆ ಕಾಳಜಿ ಇರುವವರು ಇದ್ದಾರೆಯೇ ಎಂದೂ ಕೇಳಿದರು. 1995ರಲ್ಲಿ, 1997ರಲ್ಲಿ ಮತ್ತೆ ಅದೇ ಸಮೀಕ್ಷೆ ನಡೆಯಿತು. ಇಂಗಾ ಡೋರಾ ಸಿಗ್‌ಫುಸ್‌ಡೋಟ್ಟಿರ್ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು ಕುಡಿಯುವ ಮಕ್ಕಳನ್ನೂ ಕುಡಿಯದ ಮಕ್ಕಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರು. (‘ಡೋಟ್ಟಿರ್’ ಎಂದರೆ ಮಗಳು. ಸಿಗ್‌ಫುಸ್ ಎಂಬುವರ ಮಗಳು ಎಂದು ಅರ್ಥ. ಅಲ್ಲಿ ಮನೆತನದ ಹೆಸರಿಗಿಂತ ತಂದೆಯ ಹೆಸರೇ ಬಳಕೆಯಲ್ಲಿದೆ.) ವ್ಯತ್ಯಾಸ ನಾಲ್ಕೈದು ಕಡೆ ಎದ್ದು ಕಂಡಿತು. ವಾರಕ್ಕೆ ಮೂರು ನಾಲ್ಕು ಬಾರಿ ತರಬೇತುದಾರರ ಕೈಕೆಳಗೆ ಆಟಕ್ಕೋ ಸಂಗೀತಕ್ಕೋ ಹೋಗುವವರು, ವಾರದ ದಿನಗಳಲ್ಲಿ ತಂದೆತಾಯಿಯರೊಡನೆ ಹೆಚ್ಚು ಹೊತ್ತು ಇರುವವರು, ಶಾಲೆಯಲ್ಲಿ ತಮ್ಮನ್ನು ಕೇಳುವವರಿದ್ದಾರೆ ಎಂದು ಭಾವಿಸುವವರು, ರಾತ್ರಿ ಹೊತ್ತು ಬೀದಿಯಲ್ಲಿರದವರು ವ್ಯಸನದಿಂದ ದೂರ ಉಳಿದಿದ್ದರು.

1997ರಲ್ಲಿ ಸರಕಾರ ಮತ್ತು ರೇಕ್ಯಾವಿಕ್ ನಗರಾಡಳಿತ ಸೇರಿ ಮಾದಕವಸ್ತು ಮುಕ್ತ ಐಸ್‌ಲ್ಯಾಂಡ್ ಎಂಬ ರಾಷ್ಟ್ರೀಯ ಕಾರ್ಯಕ್ರಮವನ್ನು ಘೋಷಿಸಿದವು. 1999ರಲ್ಲಿ ಇಂಗಾ ಡೋರಾ ಅವರ ಬಳಗ ಸಾಮಾಜಿಕ ಸಂಶೋಧನೆಗೆಂದೇ ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಐಸ್‌ಲ್ಯಾಂಡಿಕ್ ಸೆಂಟರ್ ಫಾರ್ ಸೋಷಿಯಲ್ ರಿಸರ್ಚ್ ಅಂಡ್ ಅನಾಲಿಸಿಸ್ ಎಂದು ಅದರ ಹೆಸರು. ಈ ಸಂಸ್ಥೆ ವ್ಯಸನಮುಕ್ತಿ ಕೇಂದ್ರ ತೆರೆಯಲಿಲ್ಲ, ಆಶ್ರಮ ಕಟ್ಟಲಿಲ್ಲ. ಊರಿಗೆ ಊರಿನ ಮುಖವನ್ನು ತೋರಿಸುವ ಕನ್ನಡಿಯ ಕೆಲಸ ಮಾಡಿತು.

ಅದು ಹೇಗೆಂದು ಸ್ವಲ್ಪ ವಿವರವಾಗಿ ನೋಡೋಣ. ನಿಗದಿತ ದಿನ ತರಗತಿಯಲ್ಲಿರುವ ಎಲ್ಲ ಮಕ್ಕಳೂ ಪ್ರಶ್ನಾವಳಿ ತುಂಬುತ್ತಿದ್ದರು. ಹೆಸರು ಬರೆಯುವಂತಿರಲಿಲ್ಲ. ತುಂಬಿದ ಹಾಳೆಯನ್ನು ಲಕೋಟೆಗೆ ಹಾಕಿ ಮಗುವೇ ಅಂಟಿಸಿ ಕೊಡಬೇಕಿತ್ತು. ಶಿಕ್ಷಕರು ನೋಡುವ ಪ್ರಶ್ನೆಯೇ ಇರಲಿಲ್ಲ. ಎಂಭತ್ತಕ್ಕಿಂತ ಹೆಚ್ಚು ಪ್ರತಿಶತ ಮಕ್ಕಳು ಉತ್ತರಿಸುತ್ತಿದ್ದರು. ಸುಮಾರು ಎರಡು ತಿಂಗಳೊಳಗೆ ಆಯಾ ಊರಿನ, ಆಯಾ ಶಾಲೆಯ ಅಂಕಿಅಂಶ ಅವರವರ ಕೈಗೆ ಬರುತ್ತಿತ್ತು. ಮುಖ್ಯೋಪಾಧ್ಯಾಯರು, ಪೋಷಕರು, ನಗರಸಭೆಯವರು, ಕ್ರೀಡಾ ಸಂಘದವರು ಒಟ್ಟಿಗೆ ಕುಳಿತು ಅದನ್ನು ಓದುತ್ತಿದ್ದರು. ಸಂಶೋಧನೆಯ ವರದಿ ನಾಲ್ಕು ವರ್ಷದ ಮೇಲೆ ದಪ್ಪ ಪುಸ್ತಕವಾಗಿ ಬಂದರೆ ಆ ಮಕ್ಕಳು ಆಗಲೇ ಶಾಲೆ ಬಿಟ್ಟಿರುತ್ತಾರಲ್ಲವೇ? ಬೇರೆ ದೇಶದ ಅಥವಾ ಬೇರೆ ಊರಿನ ಅಂಕಿಯಾದರೆ ‘ನಮ್ಮ ಮಕ್ಕಳು ಹಾಗಲ್ಲ’ ಎಂದು ಹೇಳಿ ಎದ್ದು ಹೋಗಬಹುದು. ತಮ್ಮದೇ ಬೀದಿಯ ಅಂಕಿಯ ಮುಂದೆ ಆ ಮಾತು ನಡೆಯುವುದಿಲ್ಲ.

ಪೋಷಕರ ಪಾತ್ರ ಬದಲಾದದ್ದು ಈ ಸಭೆಗಳಿಂದಲೇ. ಪ್ರತಿ ಶಾಲೆಯಲ್ಲಿ ಪೋಷಕರ ಸಂಘ ಇರಬೇಕೆಂಬುದು ಕಾನೂನಾಯಿತು. 1992ರಲ್ಲಿ ಆರಂಭವಾಗಿದ್ದ ‘ಮನೆ ಮತ್ತು ಶಾಲೆ’ ಎಂಬ ಪೋಷಕರ ರಾಷ್ಟ್ರೀಯ ಸಂಘ ಒಂದು ಒಡಂಬಡಿಕೆಯನ್ನು ಹಂಚಿತು. ಒಂದು ತರಗತಿಯ ಎಲ್ಲ ಪೋಷಕರೂ ಕೂಡಿ ಅದಕ್ಕೆ ಸಹಿ ಹಾಕುತ್ತಾರೆ. ಮೇಲ್ವಿಚಾರಣೆಯಿಲ್ಲದ ಪಾರ್ಟಿಗೆ ನಮ್ಮ ಮನೆಯಲ್ಲಿ ಅವಕಾಶವಿಲ್ಲ, ಅಪ್ರಾಪ್ತರಿಗೆ ಮದ್ಯ ತಂದುಕೊಡುವುದಿಲ್ಲ, ಇತರರ ಮಕ್ಕಳ ಮೇಲೂ ಕಣ್ಣಿಡುತ್ತೇವೆ ಎಂಬಂತಹ ಮಾತುಗಳು ಅದರಲ್ಲಿದ್ದವು. ಇದರ ಬಲ ಎಲ್ಲಿದೆ ಗೊತ್ತೇ? ‘ಅವನ ಮನೆಯಲ್ಲಿ ಬಿಡುತ್ತಾರೆ, ನೀನು ಮಾತ್ರ ಬಿಡುವುದಿಲ್ಲ’ ಎಂದು ಮಗ ತಾಯಿಯ ಹತ್ತಿರ ವಾದಿಸುವುದನ್ನು ನಾವೆಲ್ಲ ಕೇಳಿದ್ದೇವೆ. ಒಂದು ಮನೆಯ ತಾಯಿ ಒಬ್ಬಳೇ ಈ ವಾದವನ್ನು ಗೆಲ್ಲಲಾರಳು. ಇಪ್ಪತ್ತು ಮನೆಯವರು ಒಂದೇ ಮಾತು ಹೇಳಿದರೆ ವಾದವೇ ಹುಟ್ಟುವುದಿಲ್ಲ.

ಶುಕ್ರವಾರ, ಶನಿವಾರದ ರಾತ್ರಿಗಳಲ್ಲಿ ಪೋಷಕರು ಸರದಿಯ ಮೇಲೆ ಗುಂಪಾಗಿ ತಮ್ಮ ಬಡಾವಣೆಯಲ್ಲಿ ನಡೆದಾಡುವ ಪದ್ಧತಿಯೂ ಬೆಳೆಯಿತು. ಇವರು ಪೊಲೀಸರಲ್ಲ. ಕೋಲು ಹಿಡಿಯುವುದಿಲ್ಲ, ಬೈಯುವುದಿಲ್ಲ. ಸುಮ್ಮನೆ ಕಣ್ಣಿಗೆ ಬೀಳುತ್ತಾರೆ, ಅಷ್ಟೆ. ಹಾಗೆ ನಡೆಯುತ್ತಾ ನಡೆಯುತ್ತಾ ಅಕ್ಕಪಕ್ಕದ ಮನೆಯವರು ಪರಸ್ಪರ ಪರಿಚಯವಾದದ್ದು ಇನ್ನೊಂದು ಲಾಭ.

ಕಾನೂನೂ ಜೊತೆಗೂಡಿತು. ಪ್ರಾಪ್ತ ವಯಸ್ಸನ್ನು 1998ರಿಂದ 16ರ ಬದಲು 18ಕ್ಕೆ ಏರಿಸಲಾಯಿತು. 12 ವರ್ಷದವರೆಗಿನ ಮಕ್ಕಳು ರಾತ್ರಿ 8ರ ನಂತರ, 13ರಿಂದ 16ರವರು 10ರ ನಂತರ ಹಿರಿಯರಿಲ್ಲದೆ ಹೊರಗಿರುವಂತಿಲ್ಲ. ಸೂರ್ಯ ಮುಳುಗಲೊಲ್ಲದ ಬೇಸಿಗೆಯಲ್ಲಿ ಇದಕ್ಕೆ ಎರಡು ತಾಸಿನ ವಿನಾಯಿತಿ. ಈ ವೇಳಾಪಟ್ಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಪಟ್ಟಿಯಾಗಿ ಮಾಡಿ ಮನೆಗಳಿಗೆ ಹಂಚಿದರು. ತಂಬಾಕು ಕೊಳ್ಳಲು 18, ಮದ್ಯ ಕೊಳ್ಳಲು 20 ವರ್ಷ ಆಗಿರಬೇಕು. ಎರಡರ ಜಾಹೀರಾತಿಗೂ ನಿಷೇಧ. ಅಂಗಡಿಯಲ್ಲಿ ಸಿಗರೇಟಿನ ಪೊಟ್ಟಣಗಳನ್ನು ಕಣ್ಣಿಗೆ ಕಾಣುವಂತೆ ಜೋಡಿಸಿಡುವುದನ್ನೂ 2001ರಲ್ಲಿ ನಿಷೇಧಿಸಲಾಯಿತು. ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ 2003ರ ಕಾಯ್ದೆ ನಮ್ಮ ದೇಶದಲ್ಲೂ ಇದೆ. ಅದನ್ನು ಗಜಕಡ್ಡಿಯಿಂದ ಅಳೆದು ನೋಡುವ ಪೋಷಕರ ಸಂಘ ನಮ್ಮಲ್ಲಿ ಎಷ್ಟಿವೆ ಎಂಬುದನ್ನು ಓದುಗರೇ ಯೋಚಿಸಲಿ.

ಬೀದಿಯಿಂದ ಒಳಗೆ ಕರೆದರೆ ಸಾಲದು, ಒಳಗೆ ಏನಾದರೂ ಇರಬೇಕು. ಊರೂರಿಗೆ ಆಟದ ಸೌಕರ್ಯಗಳು ಬಂದವು. 2000ದಲ್ಲಿ ಕೆಫ್ಲಾವಿಕ್ ಪ್ರದೇಶದಲ್ಲಿ ಚಾವಣಿಯಿರುವ ಪೂರ್ಣ ಗಾತ್ರದ ಮೊದಲ ಫುಟ್ಬಾಲ್ ಮೈದಾನ ಸಿದ್ಧವಾಯಿತು. ಹೊರಗೆ ಹಿಮಗಾಳಿ ಬೀಸುತ್ತಿದ್ದರೂ ಒಳಗೆ ಆಟ ನಡೆಯುತ್ತದೆ. ಬಡ ಮಕ್ಕಳು ಹೊರಗುಳಿಯಬಾರದೆಂದು ರೇಕ್ಯಾವಿಕ್ ನಗರ ‘ಬಿಡುವಿನ ಕಾರ್ಡ್’ ಕೊಡಲಾರಂಭಿಸಿತು. ಮಗುವೊಂದಕ್ಕೆ ವರ್ಷಕ್ಕೆ ಇಷ್ಟು ಎಂದು ಅದರ ಮೌಲ್ಯ ನಿಗದಿಯಾಗಿತ್ತು. ಆಟ, ಸಂಗೀತ, ನೃತ್ಯ ಯಾವುದರ ಶುಲ್ಕಕ್ಕಾದರೂ ಅದನ್ನು ಬಳಸಬಹುದಿತ್ತು. 2016ರ ಯುರೋ ಕಪ್‌ನಲ್ಲಿ ಇಂಗ್ಲೆಂಡನ್ನು ಐಸ್‌ಲ್ಯಾಂಡ್ 2–1ರಿಂದ ಸೋಲಿಸಿದಾಗ ಜಗತ್ತು ಬೆರಗಾಯಿತು. ಕುಡಿತ ಬಿಡಿಸಲು ಕಟ್ಟಿದ ಮೈದಾನಗಳಿಗೂ ಆ ಗೆಲುವಿನಲ್ಲಿ ಒಂದು ಪಾಲು ಸಲ್ಲಬೇಕೆಂದು ನನ್ನ ಅಭಿಪ್ರಾಯ.

ಫಲಿತಾಂಶ? 1997ರಿಂದ 2012ರ ನಡುವೆ, ವಾರದ ದಿನಗಳಲ್ಲಿ ತಂದೆತಾಯಿಯರ ಜೊತೆ ಸಾಕಷ್ಟು ಸಮಯ ಕಳೆಯುತ್ತೇವೆ ಎಂದ 15–16ರ ಮಕ್ಕಳು ಶೇಕಡಾ 23ರಿಂದ 46ಕ್ಕೆ ಏರಿದರು. ವಾರಕ್ಕೆ ನಾಲ್ಕು ಬಾರಿಯಾದರೂ ಕ್ರೀಡೆಯಲ್ಲಿ ತೊಡಗುವವರು 24ರಿಂದ 42ಕ್ಕೆ ಏರಿದರು. ಒಂದು ತಿಂಗಳಲ್ಲಿ ಕುಡಿದು ಅಮಲೇರಿದವರ ಪ್ರಮಾಣ 2016ರಲ್ಲಿ ಶೇಕಡಾ 5ಕ್ಕೆ, ದಿನವೂ ಸೇದುವವರದು 3ಕ್ಕೆ, ಗಾಂಜಾ ಮುಟ್ಟಿದವರದು 7ಕ್ಕೆ ಇಳಿಯಿತು. ನಡುವೆ 2008ರ ಅಕ್ಟೋಬರಿನಲ್ಲಿ ದೇಶದ ಮೂರೂ ದೊಡ್ಡ ಬ್ಯಾಂಕುಗಳು ಕುಸಿದು ಜನ ಬೀದಿಗೆ ಬಂದ ಕಾಲವೂ ಇತ್ತು. ಇಂತಹ ಕಷ್ಟದಲ್ಲಿ ಕುಡಿತ ಹೆಚ್ಚುವುದೇ ಲೋಕರೂಢಿ. ಆದರೆ ಹದಿಹರೆಯದವರ ಅಂಕಿ ಮೇಲೇರಲಿಲ್ಲ.

ಆಕ್ಷೇಪಗಳೂ ಇವೆ, ಅವು ಹುಸಿಯೇನಲ್ಲ. ಅದೇ ಅವಧಿಯಲ್ಲಿ ಯುರೋಪಿನ ಬೇರೆ ಹಲವು ದೇಶಗಳಲ್ಲೂ ಮಕ್ಕಳ ಕುಡಿತ ಇಳಿದಿದೆ, ಆದ್ದರಿಂದ ಎಲ್ಲ ಶ್ರೇಯಸ್ಸನ್ನೂ ಈ ಯೋಜನೆಗೆ ಕೊಡಲಾಗದು ಎಂದು ಕೆಲವು ಸಂಶೋಧಕರು ಹೇಳುತ್ತಾರೆ. ಇದು ಸರಿಯಾದ ಮಾತೇ. ಆದರೆ ಇಳಿಕೆಯ ಆಳದಲ್ಲಿ ಅಂತರವಿದೆ. 2015ರ ಯುರೋಪಿಯನ್ ಶಾಲಾ ಸಮೀಕ್ಷೆಯಲ್ಲಿ ಹಿಂದಿನ 30 ದಿನಗಳಲ್ಲಿ ಮದ್ಯ ಸೇವಿಸಿದ ವಿದ್ಯಾರ್ಥಿಗಳ ಸರಾಸರಿ ಶೇಕಡಾ 48 ಇದ್ದರೆ ಐಸ್‌ಲ್ಯಾಂಡಿನಲ್ಲಿ ಅದು ಕೇವಲ 9. ರಾತ್ರಿಯ ನಿರ್ಬಂಧ ಮಕ್ಕಳ ಸ್ವಾತಂತ್ರ್ಯಕ್ಕೆ ಅಡ್ಡಿ ಎಂಬುದು ಇನ್ನೊಂದು ಟೀಕೆ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ದೇಶದಲ್ಲಿ ಆದದ್ದು ಕೋಟಿಗಟ್ಟಲೆ ಜನರಿರುವಲ್ಲಿ ಆದೀತೇ ಎಂಬುದು ಮೂರನೆಯದು. ಇದಕ್ಕೆ ಸಂಸ್ಥೆಯವರ ಬಳಿ ಇರುವ ಉತ್ತರ ಸರಳ: ದೇಶವನ್ನು ಬಿಡಿ, ಒಂದು ಶಾಲೆಯ ಸುತ್ತಲಿನ ಊರನ್ನು ಹಿಡಿಯಿರಿ. ಹಾಗೆಂದು ಎಲ್ಲವೂ ಮುಗಿಯಿತೆಂದಲ್ಲ. ಸಿಗರೇಟು ಹೋದ ಜಾಗಕ್ಕೆ ಇ-ಸಿಗರೇಟು ಬಂತು, ಅದಕ್ಕಾಗಿ 2018ರಲ್ಲಿ ಬೇರೆಯೇ ಕಾನೂನು ಮಾಡಬೇಕಾಯಿತು.

2006ರಿಂದ ಈ ವಿಧಾನ ಯುರೋಪಿನ ಇತರ ನಗರಗಳಿಗೂ ಹೋಯಿತು. ಲಿಥುವೇನಿಯಾದ ಕೌನಾಸ್ ನಗರದಲ್ಲಿ 2006ರಿಂದ 2014ರ ಒಳಗೆ, ಒಂದು ತಿಂಗಳಲ್ಲಿ ಕುಡಿದು ಅಮಲೇರಿದ ಮಕ್ಕಳ ಸಂಖ್ಯೆ ಸುಮಾರು ಕಾಲು ಭಾಗದಷ್ಟು ಇಳಿಯಿತು. ‘ಪ್ಲಾನೆಟ್ ಯೂತ್’ ಎಂಬ ಹೆಸರಿನಲ್ಲಿ ಐರ್ಲೆಂಡಿನ ಪಶ್ಚಿಮ ಜಿಲ್ಲೆಗಳಲ್ಲೂ ದೂರದ ಚಿಲಿ ದೇಶದ ಕೆಲವು ಪುರಸಭೆಗಳಲ್ಲೂ 2018ರ ಸುಮಾರಿಗೆ ಕೆಲಸ ಆರಂಭವಾಯಿತು. ಐಸ್‌ಲ್ಯಾಂಡಿನ ಶಾಲೆಗಳಲ್ಲಿ ಮಕ್ಕಳ ಸಮೀಕ್ಷೆ ಇಂದಿಗೂ ನಿಂತಿಲ್ಲ. 1992ರಲ್ಲಿ ಹದಿನೈದರ ವಯಸ್ಸಿನಲ್ಲಿ ಆ ಪ್ರಶ್ನಾವಳಿಯನ್ನು ಮೊದಲ ಬಾರಿ ತುಂಬಿಕೊಟ್ಟವರು ಈಗ ಐವತ್ತರ ಹತ್ತಿರ ಬಂದಿದ್ದಾರೆ. ಅಂಕಿಅಂಶ ಕೇಳಲು ಸಂಜೆಯ ಸಭೆಯಲ್ಲಿ ಕುಳಿತಿರುವ ಪೋಷಕರಲ್ಲಿ ಅವರದೇ ಪೀಳಿಗೆಯವರಿದ್ದಾರೆ.